ಹೊಸ ಕರ್ನೆಲ್ ಹಾಕಿದ ಮೇಲೆ ಕೀಬೋರ್ಡ್ ಇಲ್ಲ, ಕಾಟಾ ಇಲ್ಲ, ಪೆನ್ ಡ್ರೈವ್ ಇಲ್ಲ. ಯುಎಸ್‌ಬಿ ಆಯ್ಕೆಯಲ್ಲಿ ಎಲ್ಲಿ ತಪ್ಪಿದೆ?

ವಖಾರಿ_ಲೆಕ್ಕ (ಶಿರಸಿ), ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಅಲ್ಲಿರುವುದು ಹಳೇ ಕೋರ್ 2 ಡ್ಯುಯೋ ಕಂಪ್ಯೂಟರ್, 2 ಜಿಬಿ ರ‍್ಯಾಮ್, ಡೆಬಿಯನ್ 12 ಲಿನಕ್ಸ್. ತೂಕದ ಕಾಟಾದಿಂದ ಒಂದು ಸೀರಿಯಲ್ ವಯರ್ ಬರುತ್ತದೆ, ಅದಕ್ಕೊಂದು ಯುಎಸ್‌ಬಿ ಕನ್ವರ್ಟರ್. ಚೀಲ ಕಾಟಾದ ಮೇಲೆ ಬಿದ್ದರೆ ತೂಕ ನೇರ ಪಟ್ಟಿಗೆ ಹೋಗಬೇಕು. ಮೂರು ವರ್ಷದಿಂದ ಹಾಗೇ ನಡೆದಿತ್ತು.

ಮಷಿನ್ ನಿಧಾನ ಆಯ್ತು ಅಂತ ನಿನ್ನೆ ರಾತ್ರಿ 6.1 ಕರ್ನೆಲ್ (ಯಂತ್ರಾಂಶ ನಡೆಸುವ ಲಿನಕ್ಸಿನ ತಿರುಳು) ನಾನೇ ಕಂಪೈಲ್ ಮಾಡಿದೆ. ಮೊದಲು ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ (ಬಳಕೆಯಲ್ಲಿರುವ ಡ್ರೈವರ್‌ಗಳನ್ನಷ್ಟೇ ಉಳಿಸುವ ಆದೇಶ) ಓಡಿಸಿದೆ. ಆಮೇಲೆ ಮೆನುಕಾನ್ಫಿಗ್ (ಕರ್ನೆಲ್ ಆಯ್ಕೆಗಳ ಪಟ್ಟಿ) ತೆರೆದು ಯುಎಸ್‌ಬಿ ಮೆನುವಿನಲ್ಲಿ ಹಳೇದು ಅನಿಸಿದ್ದನ್ನೆಲ್ಲ ತೆಗೆದೆ. ಯುಎಸ್‌ಬಿ ಪೋರ್ಟ್ ನಡೆಸುವ ಕಂಟ್ರೋಲರ್ ಡ್ರೈವರ್‌ಗಳಲ್ಲಿ ಇಎಚ್‌ಸಿಐ ಇಟ್ಟೆ, ಯುಎಚ್‌ಸಿಐ ತೆಗೆದೆ. ಅದು ಯುಎಸ್‌ಬಿ 1.1 ಕಾಲದ್ದು, ಈಗ ಯಾರಿಗೆ ಬೇಕು ಅನ್ನುವುದು ನನ್ನ ಲೆಕ್ಕ.

ಈಗ ಪರಿಸ್ಥಿತಿ ಹೀಗಿದೆ. ಗ್ರಬ್ (ಶುರುವಿನಲ್ಲಿ ಕರ್ನೆಲ್ ಆರಿಸುವ) ಪರದೆಯಲ್ಲಿ ಕೀಬೋರ್ಡಿನ ಬಾಣದ ಕೀ ಚೆನ್ನಾಗಿ ಓಡುತ್ತದೆ. ಲಾಗಿನ್ ಬಂದ ಕೂಡಲೇ ಕೀಬೋರ್ಡ್ ಸಾಯುತ್ತದೆ, ನಮ್‌ಲಾಕ್ ದೀಪವೂ ಹತ್ತುವುದಿಲ್ಲ. ಮೌಸ್ ಕೂಡ ಇಲ್ಲ. ಮೊಬೈಲಿನಿಂದ ಎಸ್‌ಎಸ್‌ಎಚ್ ಮಾಡಿ ಒಳಗೆ ಹೋಗಿ ಎಲ್‌ಎಸ್‌ಯುಎಸ್‌ಬಿ (ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಆದೇಶ) ಕೊಟ್ಟರೆ ಪೆನ್ ಡ್ರೈವ್ ಒಂದೇ ಕಾಣುತ್ತದೆ. ಅದೂ ಪಟ್ಟಿಯಲ್ಲಿ ಮಾತ್ರ, ಎಸ್‌ಡಿಬಿ ಅಂತ ಡಿಸ್ಕ್ ಹುಟ್ಟುವುದೇ ಇಲ್ಲ. ಕಾಟಾದ ಕನ್ವರ್ಟರ್ ಪಟ್ಟಿಯಲ್ಲೇ ಇಲ್ಲ. ಡಿಮೆಸೇಜ್ (ಕರ್ನೆಲ್ ಲಾಗ್) ನೋಡಿದರೆ ತಪ್ಪಿನ ಸಾಲು ಒಂದೂ ಇಲ್ಲ.

ನಾಳೆ ಬೆಳಿಗ್ಗೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಬರುವುದಿದೆ. ದಯವಿಟ್ಟು ಯಾರಾದರೂ ದಾರಿ ಹೇಳಿ.

---

ಸಿದ್ದಾಪುರ_ಭಾವ, 9:52

ತಮಾ, ಇದ್ದ ಕರ್ನೆಲ್ ಚೊಲೋ ನಡೀತಿತ್ತಲ, ಎಂತಕ್ಕೆ ಬಿಚ್ಚಲೆ ಹೋದೆ? ಗ್ರಬ್‌ನಲ್ಲಿ ಎರಡನೇ ಸಾಲಿಗೆ ಹೋಗು, ಹಳೇ ಡೆಬಿಯನ್ ಕರ್ನೆಲ್ ಅಲ್ಲೇ ಇದ್ದು. ನಾಳೆ ತೂಕ ಮುಗಿಸು, ಆಮೇಲೆ ಉಳಿದಿದ್ದು ನೋಡಿದ್ರಾತು.

---

ವಖಾರಿ_ಲೆಕ್ಕ, 9:58

ಭಾವಾ, ಹಳೇದು ಇದೆ, ಅದರಲ್ಲಿ ಎಲ್ಲ ಸರಿ ಇದೆ. ನಾಳೆಗೆ ಅದನ್ನೇ ಹಾಕುತ್ತೇನೆ. ಆದರೆ ಎಲ್ಲಿ ತಪ್ಪಿದೆ ಅಂತ ಗೊತ್ತಾಗದೆ ಬಿಡಲು ಮನಸ್ಸಿಲ್ಲ.

---

ಅಘನಾಶಿನಿ (ಕುಮಟಾ), 10:06

ಉತ್ತರ ನಿಮ್ಮ ಬರಹದಲ್ಲೇ ಇದೆ. ಪೆನ್ ಡ್ರೈವ್ ಕಾಣುತ್ತದೆ. ಕೀಬೋರ್ಡ್, ಮೌಸ್, ಕನ್ವರ್ಟರ್ ಮೂರೂ ಕಾಣುವುದಿಲ್ಲ. ಪೆನ್ ಡ್ರೈವ್ 480 ಎಂಬಿಪಿಎಸ್ ಸಾಧನ. ಉಳಿದ ಮೂರೂ ನಿಧಾನದವು: ಕೀಬೋರ್ಡ್ ಮೌಸ್ ಸಾಮಾನ್ಯವಾಗಿ 1.5, ಸೀರಿಯಲ್ ಕನ್ವರ್ಟರ್ 12.

ಇಎಚ್‌ಸಿಐಗೆ ತನ್ನ ಸ್ವಂತ ಪೋರ್ಟಿನಲ್ಲಿ 480 ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ನಿಧಾನದ ಸಾಧನ ಚುಚ್ಚಿದರೆ ಆ ಪೋರ್ಟನ್ನು ಪಕ್ಕದಲ್ಲಿರುವ ಜೊತೆಗಾರ ಕಂಟ್ರೋಲರ್‌ಗೆ ಒಪ್ಪಿಸಿ ಸುಮ್ಮನಾಗುತ್ತದೆ. ನಿಮ್ಮ ಇಂಟೆಲ್ ಬೋರ್ಡಿನಲ್ಲಿ ಆ ಜೊತೆಗಾರ ಯುಎಚ್‌ಸಿಐ. ಅದರ ಡ್ರೈವರ್ ತೆಗೆದಿದ್ದೀರಿ, ಹಾಗಾಗಿ ಒಪ್ಪಿಸಿದ್ದನ್ನು ತೆಗೆದುಕೊಳ್ಳುವವರೇ ಇಲ್ಲ. ಮೆನುವಿನ ಸಾಲಿನಲ್ಲೇ 'ಹೆಚ್ಚಿನ ಇಂಟೆಲ್ ಮತ್ತು ವಿಐಎ' ಅನ್ನುವ ಅರ್ಥದ ಮಾತಿದೆ, ನೋಡಿ.

ಗ್ರಬ್‌ನಲ್ಲಿ ಕೀಬೋರ್ಡ್ ಓಡುವುದು ಬಯೋಸ್ ದಯೆಯಿಂದ. ಯುಎಸ್‌ಬಿ ಕೀಬೋರ್ಡನ್ನು ಹಳೇ ಕೀಬೋರ್ಡಿನ ಹಾಗೆ ತೋರಿಸುವ ಕೆಲಸ ಬಯೋಸ್ ಮಾಡುತ್ತಿರುತ್ತದೆ. ಕರ್ನೆಲ್ ಎದ್ದು ಕಂಟ್ರೋಲರನ್ನು ಬಯೋಸ್ ಕೈಯಿಂದ ಬಿಡಿಸಿಕೊಂಡ ಕ್ಷಣ ಆ ಸಹಾಯ ಮುಗಿಯಿತು.

---

ಬನವಾಸಿ_ಹುಡುಗ (ಸದ್ಯ ಬೆಂಗಳೂರು), 10:11

ಯುಎಚ್‌ಸಿಐ ಬೇಕೇ ಬೇಕು ಅನ್ನುವುದು ತಪ್ಪು. ನನ್ನ ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಎಚ್‌ಸಿಐ ಒಂದೇ ಇದೆ. ಕೀಬೋರ್ಡಿನಿಂದ ಎಸ್‌ಎಸ್‌ಡಿವರೆಗೆ ಎಲ್ಲ ಅದರಲ್ಲೇ ನಡೆಯುತ್ತದೆ.

---

ಅಘನಾಶಿನಿ, 10:15

ನಿಮ್ಮದು ಹೊಸದು. ಎಕ್ಸ್‌ಎಚ್‌ಸಿಐ ಎಲ್ಲ ವೇಗವನ್ನೂ ತಾನೇ ನೋಡಿಕೊಳ್ಳುತ್ತದೆ. ನಡುವೆ ಇನ್ನೊಂದು ಪೀಳಿಗೆಯೂ ಇದೆ. ಇಂಟೆಲ್ 5 ಸರಣಿಯ ಚಿಪ್‌ಸೆಟ್‌ನಿಂದ ಯುಎಚ್‌ಸಿಐ ಬಿಟ್ಟು ಒಳಗೇ ಒಂದು ಹಬ್ ಕೂರಿಸಿದರು, ಅಲ್ಲಿ ಇಎಚ್‌ಸಿಐ ಒಂದೇ ಸಾಕು. ಕೋರ್ 2 ಡ್ಯುಯೋ ಕಾಲದ ಬೋರ್ಡಿಗೆ ಯುಎಚ್‌ಸಿಐ ಬೇಕೇ ಬೇಕು. ನಾನು ಹೇಳಿದ್ದು ಅವರ ಮಷಿನ್ ಬಗ್ಗೆ. ಯಾವ ಕಂಟ್ರೋಲರ್ ಇದೆ ಅಂತ ಎಲ್‌ಎಸ್‌ಪಿಸಿಐ ಕೊಟ್ಟರೆ ಹೆಸರು ಸಮೇತ ತೋರಿಸುತ್ತದೆ. ನೋಡದೆ ಯಾವುದನ್ನೂ ತೆಗೆಯಬಾರದು.

---

ದೇವಿಮನೆ_ಮಳೆ, 10:19

ಈ ರಾತ್ರಿಯೇ ಕೀಬೋರ್ಡ್ ಬೇಕಿದ್ದರೆ ಒಂದು ಉಪಾಯ: ಯುಎಸ್‌ಬಿ 2.0 ಹಬ್ ಇದ್ದರೆ ಕೀಬೋರ್ಡನ್ನು ಅದರ ಮೂಲಕ ಚುಚ್ಚಿ. ಹಬ್ ಮತ್ತು ಕಂಪ್ಯೂಟರ್ ನಡುವೆ 480ರಲ್ಲಿ ಮಾತು, ಹಬ್ ಮತ್ತು ಕೀಬೋರ್ಡ್ ನಡುವೆ 1.5ರಲ್ಲಿ. ಅನುವಾದ ಹಬ್ಬಿನ ಒಳಗೇ ಆಗುತ್ತದೆ, ಯುಎಚ್‌ಸಿಐ ಬೇಡ.

---

ಕಾಳಿ_ಕಡಲು (ಕಾರವಾರ), 10:24

ಇದು ಸರಿ, ಆದರೆ ಹಬ್ ನಿಜವಾಗಿ 2.0 ಇರಬೇಕು. ಮೇಲೆ 2.0 ಅಂತ ಅಚ್ಚು ಹಾಕಿ ಒಳಗೆ 1.1 ಚಿಪ್ ಇಟ್ಟ ಹಬ್ ಒಂದು ನನ್ನ ಕೈಗೆ ಸಿಕ್ಕಿತ್ತು.

ಇನ್ನೊಂದು ಮಾತು. ಕರ್ನೆಲ್ ಬೈಯುವ ಮೊದಲು ಪಿನ್ ನೋಡಿ. ನಮ್ಮ ಕಡೆ ಉಪ್ಪು ಗಾಳಿಗೆ ಒಂದೇ ಮಳೆಗಾಲದಲ್ಲಿ ಯುಎಸ್‌ಬಿ ಬಾಯಿ ಹಸಿರು ಹಿಡಿಯುತ್ತದೆ. ಡಿಮೆಸೇಜ್‌ನಲ್ಲಿ 'ಎರರ್ -71' ಅಥವಾ '-110' ಸಾಲುಗಟ್ಟಿ ಬಂದರೆ ನಾನು ಮೊದಲು ವಯರ್ ಬದಲಿಸುತ್ತೇನೆ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬ್ರಷ್‌ನಿಂದ ಬಾಯಿ ತಿಕ್ಕುತ್ತೇನೆ. ಹತ್ತರಲ್ಲಿ ಏಳೆಂಟು ಸಲ ಅಲ್ಲಿಗೇ ಮುಗಿಯುತ್ತದೆ.

---

ಅಘನಾಶಿನಿ, 10:27

-71 ಅಂದರೆ ಪ್ರೋಟೊಕಾಲ್ ತಪ್ಪು, -110 ಅಂದರೆ ಕಾದು ಕಾದು ಸಮಯ ಮೀರಿದ್ದು. ಎರಡೂ ಹೆಚ್ಚಾಗಿ ವಯರ್, ಪಿನ್ ಅಥವಾ ಕರೆಂಟಿನ ದೋಷವೇ, ಒಪ್ಪಿದೆ. ಆದರೆ ಇವರ ಲಾಗಿನಲ್ಲಿ ತಪ್ಪಿನ ಸಾಲೇ ಇಲ್ಲ, ಪೂರ್ತಿ ಮೌನ. ತುಕ್ಕು ಹಿಡಿದ ಪಿನ್ ಗಲಾಟೆ ಮಾಡುತ್ತದೆ. ಡ್ರೈವರ್ ಇಲ್ಲದ ಪೋರ್ಟ್ ಸುಮ್ಮನಿರುತ್ತದೆ. ಹಳೇ ಕರ್ನೆಲ್‌ನಲ್ಲಿ ಸರಿ ಇದೆ ಅಂದ ಮೇಲೆ ಪಿನ್ ಸಂಶಯ ಬಿಡಿ.

---

ವಖಾರಿ_ಲೆಕ್ಕ, 11:35

ಯುಎಚ್‌ಸಿಐ ವಾಪಸ್ ಹಾಕಿ ಮೇಕ್ ಕೊಟ್ಟೆ. ಕೀಬೋರ್ಡ್ ಬಂತು, ಮೌಸ್ ಬಂತು, ಎಲ್ಲರಿಗೂ ತುಂಬ ಧನ್ಯವಾದ! ಕನ್ವರ್ಟರ್ ಈಗ ಎಲ್‌ಎಸ್‌ಯುಎಸ್‌ಬಿಯಲ್ಲಿ ಕಾಣುತ್ತದೆ, ಸಂಖ್ಯೆ 1ಎ86:7523. ಆದರೆ ತೂಕ ಓದಲು ಬೇಕಾದ ಸೀರಿಯಲ್ ಪೋರ್ಟ್ ಟಿಟಿವೈಯುಎಸ್‌ಬಿ0 ಹುಟ್ಟಿಲ್ಲ. ಪೆನ್ ಡ್ರೈವಿನದೂ ಅದೇ ಕಥೆ. ಕಂಡ ಮೇಲೆ ಓಡಬೇಕಲ್ಲ?

---

ಬೆಟ್ಟದ_ಹಾದಿ (ಯಲ್ಲಾಪುರ), 11:48

ಕಾಣುವುದು ಬೇರೆ, ಓಡುವುದು ಬೇರೆ. ನಾನು ಇದನ್ನು ಅಡಿಕೆಯ ದಾರಿಯಿಂದ ಹೇಳುತ್ತೇನೆ, ನಿಮಗೆ ಬೇಗ ಹಿಡಿಯುತ್ತದೆ. ಗಾಡಿ ಯಾರ್ಡಿನ ಗೇಟಿಗೆ ಬಂದು ಹೆಸರು ಬರೆಸಿದ್ದು ಎಲ್‌ಎಸ್‌ಯುಎಸ್‌ಬಿ. ಅಲ್ಲಿಂದ ಚೀಲ ಇಳಿಯಬೇಕು, ರಾಶಿಯೋ ಚಾಲಿಯೋ ಬೆಟ್ಟೆಯೋ ಅಂತ ನೋಡಬೇಕು, ತೂಗಬೇಕು, ಪಟ್ಟಿ ಆಗಬೇಕು. ಗೇಟಿನವ ಬರೆದುಕೊಂಡ ಮಾತ್ರಕ್ಕೆ ದುಡ್ಡು ಕೈಗೆ ಬರುವುದಿಲ್ಲ.

ಪೆನ್ ಡ್ರೈವಿನ ದಾರಿ ನೋಡಿ. ಹೋಸ್ಟ್ ಕಂಟ್ರೋಲರ್, ಅದರ ಮೇಲೆ ಯುಎಸ್‌ಬಿ ಕೋರ್, ಅದರ ಮೇಲೆ ಯುಎಸ್‌ಬಿ ಸ್ಟೋರೇಜ್. ಯುಎಸ್‌ಬಿ ಸ್ಟೋರೇಜ್ ತಾನೇ ಡಿಸ್ಕ್ ತೋರಿಸುವುದಿಲ್ಲ, ಡಿಸ್ಕ್‌ಗಳನ್ನು ನೋಡಿಕೊಳ್ಳುವ ಸ್ಕಸಿ ಪದರಕ್ಕೆ ಕೊಡುತ್ತದೆ. ಅಲ್ಲಿ ಸ್ಕಸಿ ಡಿಸ್ಕ್ ಡ್ರೈವರ್ ಇದ್ದರೆ ಮಾತ್ರ ಎಸ್‌ಡಿಬಿ. ಆಮೇಲೆ ಪೆನ್ ಡ್ರೈವಿನ ಫೈಲ್ ವ್ಯವಸ್ಥೆ ವಿಫ್ಯಾಟ್, ವಿಫ್ಯಾಟ್‌ಗೆ ಕೋಡ್‌ಪೇಜ್ 437 ಅನ್ನುವ ಅಕ್ಷರಪಟ್ಟಿ. ಈ ಸರಪಳಿಯಲ್ಲಿ ಒಂದು ಕೊಂಡಿ ಇಲ್ಲದಿದ್ದರೂ ಫೈಲ್ ತೆರೆಯುವುದಿಲ್ಲ. ನಿಮ್ಮ ಹಾರ್ಡ್ ಡಿಸ್ಕ್ ಸಾಟಾ ಆದ್ದರಿಂದ ಸ್ಕಸಿ ಡಿಸ್ಕ್ ಹೇಗೂ ಇದೆ. ಯುಎಸ್‌ಬಿ ಸ್ಟೋರೇಜ್, ವಿಫ್ಯಾಟ್, ಕೋಡ್‌ಪೇಜ್ ಹೋಗಿವೆ.

ಕನ್ವರ್ಟರ್ ಸಿಎಚ್340 ಚಿಪ್. ಯುಎಸ್‌ಬಿ ಸೀರಿಯಲ್ ಮೆನು ಹಾಕಿ, ಅದರೊಳಗೆ ಸಿಎಚ್341 ಹಾಕಿ. ಡ್ರೈವರ್ ಹೆಸರಿನಲ್ಲಿ 341 ಅಂತಲೇ ಇದೆ, 340 ಹುಡುಕಿದರೆ ಸಿಗುವುದಿಲ್ಲ.

ಈಗ ಒಂದು ಪ್ರಶ್ನೆ. ಲೋಕಲ್‌ಮಾಡ್‌ಕಾನ್ಫಿಗ್ ಕೊಟ್ಟಾಗ ಕಾಟಾ ಮತ್ತು ಪೆನ್ ಡ್ರೈವ್ ಚುಚ್ಚಿತ್ತಾ?

---

ವಖಾರಿ_ಲೆಕ್ಕ, 11:55

ಇಲ್ಲ! ನಿನ್ನೆ ಸಂಜೆ ಗುಡುಗು ಶುರುವಾಗಿತ್ತು. ಗುಡುಗಿದರೆ ಕಾಟಾದ ವಯರ್, ಮೋಡೆಮ್, ಪ್ರಿಂಟರ್ ಎಲ್ಲ ಕಿತ್ತಿಡುವುದು ನಮ್ಮ ರೂಢಿ. ಮಳೆ ನಿಂತ ಮೇಲೆ ಕಂಪ್ಯೂಟರ್ ಒಂದೇ ಚಾಲೂ ಮಾಡಿ ಕೂತಿದ್ದೆ.

---

ಬೆಟ್ಟದ_ಹಾದಿ, 11:59

ಅಲ್ಲೇ ಬಿತ್ತು ಪೆಟ್ಟು. ಲೋಕಲ್‌ಮಾಡ್‌ಕಾನ್ಫಿಗ್ ಸ್ಟೀವನ್ ರೋಸ್ಟೆಡ್ ಬರೆದದ್ದು, 2009ರ ಕೊನೆಯಲ್ಲಿ 2.6.32 ಕರ್ನೆಲ್‌ಗೆ ಸೇರಿತು. ಆ ಕ್ಷಣದಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳ (ಬೇಕಾದಾಗ ಕರ್ನೆಲ್‌ಗೆ ಸೇರುವ ಡ್ರೈವರ್ ತುಂಡುಗಳ) ಪಟ್ಟಿ ಓದಿ ಉಳಿದ ಮಾಡ್ಯೂಲ್‌ಗಳನ್ನೆಲ್ಲ ತೆಗೆದು ಹಾಕುತ್ತದೆ. ಯುಎಸ್‌ಬಿ ಅಂದರೆ ಬಂದು ಹೋಗುವ ಸಾಧನಗಳ ಜಾಗ. ಆ ಹೊತ್ತಿಗೆ ಊರಲ್ಲಿ ಇಲ್ಲದವರ ಹೆಸರು ಮತದಾರರ ಪಟ್ಟಿಯಿಂದ ಹೋದ ಹಾಗೆ.

ಎರಡು ದಾರಿ ಇವೆ. ಒಂದು, ಹಳೇ ಡೆಬಿಯನ್ ಕರ್ನೆಲ್‌ನಲ್ಲಿ ಬೂಟ್ ಆಗಿ ಕಾಟಾ, ಪೆನ್ ಡ್ರೈವ್, ಪ್ರಿಂಟರ್, ಮೊಬೈಲ್ ಟೆಥರಿಂಗ್ ಎಲ್ಲ ಒಂದೊಂದು ಸಲ ಚುಚ್ಚಿ. ಪೆನ್ ಡ್ರೈವಿನ ಒಂದು ಫೈಲ್ ತೆರೆಯಿರಿ. ಮಾಡ್ಯೂಲ್ ಒಮ್ಮೆ ಲೋಡ್ ಆದರೆ ವಯರ್ ಕಿತ್ತರೂ ಉಳಿದಿರುತ್ತದೆ. ಆಮೇಲೆ ಡೆಬಿಯನ್‌ನ ಮೂಲ ಕಾನ್ಫಿಗ್ ಫೈಲ್ ಬೂಟ್ ಫೋಲ್ಡರಿನಿಂದ ನಕಲು ಮಾಡಿ ಲೋಕಲ್‌ಮಾಡ್‌ಕಾನ್ಫಿಗ್ ಕೊಡಿ. ಈಗಾಗಲೇ ಸವೆದ ಕಾನ್ಫಿಗ್ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ, ಅದು ತೆಗೆಯುವುದನ್ನು ಬಲ್ಲದು, ಸೇರಿಸುವುದು ಅದಕ್ಕೆ ಗೊತ್ತಿಲ್ಲ.

ಎರಡನೇದು, ಅದೇ ಆದೇಶಕ್ಕೆ ಎಲ್‌ಎಂಸಿ_ಕೀಪ್ ಅಂತ ಕೊಟ್ಟು ಡ್ರೈವರ್ಸ್/ಯುಎಸ್‌ಬಿ ಮತ್ತು ಎಫ್‌ಎಸ್ ಫೋಲ್ಡರ್‌ಗಳನ್ನು ಮುಟ್ಟಬೇಡ ಅಂತ ಹೇಳಬಹುದು. ನಡುವೆ ಕೋಲನ್ ಹಾಕಿ ಎಷ್ಟು ಫೋಲ್ಡರ್ ಬೇಕಾದರೂ ಸೇರಿಸಿ.

---

ಚಂಡೆಪೆಟ್ಟು (ಹೊನ್ನಾವರ), ಸೋಮವಾರ ಬೆಳಿಗ್ಗೆ 6:30

ಎರಡನೇ ದಾರಿ ಹೇಳುವಾಗ ಒಂದು ಎಚ್ಚರಿಕೆ ಸೇರಿಸಲೇಬೇಕು. ಯುಎಸ್‌ಬಿ ಎಲ್ಲ ಡ್ರೈವರ್ಸ್/ಯುಎಸ್‌ಬಿ ಒಳಗಿಲ್ಲ. ನಾನು ಯಕ್ಷಗಾನ ರೆಕಾರ್ಡ್ ಮಾಡುವವ. ಯುಎಸ್‌ಬಿ ಆಡಿಯೊ ಪೆಟ್ಟಿಗೆ ಇಟ್ಟುಕೊಂಡು ರಾತ್ರಿ ಹತ್ತರಿಂದ ಬೆಳಗಿನವರೆಗೆ ಕೂರಬೇಕು. ಸ್ವಂತ ಕರ್ನೆಲ್ ಹಾಕಿಕೊಂಡು ಆಟಕ್ಕೆ ಹೋದೆ. ಭಾಗವತರು ಜಾಗಟೆ ಎತ್ತಿದರು, ನನ್ನ ಪರದೆಯಲ್ಲಿ ಸೌಂಡ್ ಕಾರ್ಡೇ ಇಲ್ಲ. ಯುಎಸ್‌ಬಿ ಮೆನುವಿನಲ್ಲಿ ಇದ್ದದ್ದೆಲ್ಲ ಹಾಕಿದ್ದೆ. ಆದರೆ ಯುಎಸ್‌ಬಿ ಆಡಿಯೊ ಇರುವುದು ಸೌಂಡ್ ಮೆನುವಿನ ಒಳಗೆ, ಆಲ್ಸಾ ಕೆಳಗೆ. ಆ ರಾತ್ರಿಯ ಪೂರ್ವರಂಗದ ಪದ್ಯಗಳು ನನ್ನ ಹತ್ತಿರ ಇಲ್ಲ, ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ. ಗೆಳೆಯನ ಲ್ಯಾಪ್‌ಟಾಪ್ ಬರುವಷ್ಟರಲ್ಲಿ ಪ್ರಸಂಗ ಅರ್ಧ ಮುಗಿದಿತ್ತು.

ಹಾಗೇ ವೆಬ್ ಕ್ಯಾಮೆರಾ ಮಲ್ಟಿಮೀಡಿಯಾ ಮೆನುವಿನಲ್ಲಿ, ಮೊಬೈಲ್ ಟೆಥರಿಂಗ್ ನೆಟ್‌ವರ್ಕ್ ಮೆನುವಿನಲ್ಲಿ, ಕೀಬೋರ್ಡ್ ಎಚ್‌ಐಡಿ (ಕೀಬೋರ್ಡ್, ಮೌಸ್ ತರಹದ ಸಾಧನಗಳ) ಮೆನುವಿನಲ್ಲಿ. ಎಚ್‌ಐಡಿ ಜೆನೆರಿಕ್ ಮರೆತರೆ ಯುಎಚ್‌ಸಿಐ ಇದ್ದೂ ಕೀಬೋರ್ಡ್ ಓಡುವುದಿಲ್ಲ. ಮೆನುಕಾನ್ಫಿಗ್‌ನಲ್ಲಿ ಓರೆಗೆರೆ ಒತ್ತಿ ಯುಎಸ್‌ಬಿ ಅಂತ ಹುಡುಕಿ, ಎಲ್ಲೆಲ್ಲಿ ಹರಡಿದೆ ನೋಡಿ.

---

ದೇವಿಮನೆ_ಮಳೆ, 7:05

ಯಾವ ಮೇಳ? ಯಾವ ಪ್ರಸಂಗ?

---

ಚಂಡೆಪೆಟ್ಟು, 7:12

ಗದಾಯುದ್ಧ. ಮೇಳದ ಮಾತು ಬೇರೆ ಕಡೆ ಆಡುವ, ಇಲ್ಲಿ ಪಾಪ ಅವರ ಕಾಟಾ ನಿಂತಿದೆ.

---

ಬನವಾಸಿ_ಹುಡುಗ, 8:20

ಮೂಲ ಪ್ರಶ್ನೆ ಯಾರೂ ಕೇಳುತ್ತಿಲ್ಲ. ಕಂಪೈಲ್ ಮಾಡಿದ್ದರಿಂದ ಮಷಿನ್ ವೇಗ ಆಯ್ತಾ? ಡೆಬಿಯನ್‌ನಲ್ಲಿ ಯುಎಸ್‌ಬಿ ಡ್ರೈವರ್‌ಗಳು ಮಾಡ್ಯೂಲ್ ರೂಪದಲ್ಲಿ ಡಿಸ್ಕ್ ಮೇಲೆ ಇರುತ್ತವೆ. ಸಾಧನ ಬಂದಾಗ ಮಾತ್ರ ರ‍್ಯಾಮ್‌ಗೆ ಬರುತ್ತವೆ. ಚುಚ್ಚದ ಸಾಧನದ ಡ್ರೈವರ್ ಒಂದು ಬೈಟ್ ರ‍್ಯಾಮ್ ಕೂಡ ತಿನ್ನುವುದಿಲ್ಲ. 2 ಜಿಬಿ ಮಷಿನ್ ನಿಧಾನ ಅಂದರೆ ಬ್ರೌಸರ್ ಕಾರಣ. ಸಾಟಾ ಎಸ್‌ಎಸ್‌ಡಿ ಹಾಕಿಸಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

---

ಬೆಟ್ಟದ_ಹಾದಿ, 8:41

ವೇಗದ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ಆದರೆ ಕಂಪೈಲ್ ಮಾಡುವುದೇ ವ್ಯರ್ಥ ಅನ್ನಬೇಡಿ. ನಿನ್ನೆ ಒಂದು ರಾತ್ರಿಯಲ್ಲಿ ಇವರಿಗೆ ಯುಎಚ್‌ಸಿಐ ಎಂತದು, ಸ್ಕಸಿ ಪದರ ಎಂತಕ್ಕೆ ಅಂತ ತಿಳಿಯಿತು. ಬರೀ ಓದಿದ್ದರೆ ತಿಂಗಳಾದರೂ ತಲೆಗೆ ಹೋಗುತ್ತಿರಲಿಲ್ಲ.

---

ಅಘನಾಶಿನಿ, 8:50

ನನಗೆ ಬೇರೆ ಕಾರಣ ಇದೆ. ಕುಮಟಾದಲ್ಲಿ ಝೆರಾಕ್ಸ್ ಮತ್ತು ಅರ್ಜಿ ತುಂಬುವ ಅಂಗಡಿ ನಡೆಸುತ್ತೇನೆ. ಆಧಾರ್, ಪಹಣಿ, ಅಂಕಪಟ್ಟಿ ಎಲ್ಲ ಆ ಮಷಿನ್ ಮೇಲೆ ಬರುತ್ತವೆ. ಗ್ರಾಹಕರ ಪೆನ್ ಡ್ರೈವ್ ತೆಗೆದುಕೊಳ್ಳಲು ಒಂದೇ ಮಷಿನ್ ಇಟ್ಟಿದ್ದೇನೆ. ಉಳಿದ ಎರಡರಲ್ಲಿ ಯುಎಸ್‌ಬಿ ಸ್ಟೋರೇಜ್ ಮತ್ತು ಯುಎಎಸ್ (ಯುಎಸ್‌ಬಿ ಡಿಸ್ಕ್‌ಗಳ ಇನ್ನೊಂದು ಡ್ರೈವರ್) ಎರಡನ್ನೂ ಬೇಕೆಂದೇ ತೆಗೆದು ಕರ್ನೆಲ್ ಕಟ್ಟಿದ್ದೇನೆ. ಎಚ್‌ಐಡಿ ಮತ್ತು ಪ್ರಿಂಟರ್ ಮಾತ್ರ. ಡ್ರೈವರೇ ಇಲ್ಲ ಅಂದ ಮೇಲೆ ಯಾರು ಪೆನ್ ಡ್ರೈವ್ ಚುಚ್ಚಿದರೂ ಅದಕ್ಕೆ ಫೈಲ್ ಹೋಗುವುದಿಲ್ಲ. ಜನ ನಂಬಿ ಕೊಟ್ಟ ಕಾಗದ ಅದು.

---

ಬನವಾಸಿ_ಹುಡುಗ, 8:58

ಅಕ್ಕ, ಕೀಬೋರ್ಡ್ ವೇಷ ಹಾಕಿದ ಯುಎಸ್‌ಬಿ ಸಾಧನಗಳೂ ಇವೆ. ಪೆನ್ ಡ್ರೈವಿನ ಹಾಗೆ ಕಾಣುತ್ತದೆ, ಕರ್ನೆಲ್‌ಗೆ ಮಾತ್ರ ನಾನು ಕೀಬೋರ್ಡ್ ಅಂತ ಹೇಳಿ ತಾನೇ ಟೈಪ್ ಮಾಡುತ್ತದೆ. ಸ್ಟೋರೇಜ್ ತೆಗೆದರೆ ಅದು ನಿಲ್ಲುವುದಿಲ್ಲ. ಬೂಟ್ ಸಾಲಿನಲ್ಲಿ ಯುಎಸ್‌ಬಿಕೋರ್‌ನ ಆಥರೈಸ್ಡ್_ಡಿಫಾಲ್ಟ್ ಸೊನ್ನೆ ಮಾಡಿದರೆ ನೀವು ಒಪ್ಪುವವರೆಗೆ ಯಾವ ಹೊಸ ಸಾಧನವೂ ಓಡುವುದಿಲ್ಲ. ಆದರೆ ಕೀಬೋರ್ಡ್ ಒಪ್ಪುವ ಏರ್ಪಾಡು ಮೊದಲೇ ಮಾಡಿಟ್ಟುಕೊಳ್ಳಿ.

---

ಅಘನಾಶಿನಿ, 9:03

ಇದು ಗೊತ್ತಿರಲಿಲ್ಲ. ಇವತ್ತೇ ನೋಡುತ್ತೇನೆ, ಉಪಕಾರ ಆಯ್ತು.

---

ವಖಾರಿ_ಲೆಕ್ಕ, ಸೋಮವಾರ ರಾತ್ರಿ 8:15

ಹಗಲು ಹಳೇ ಕರ್ನೆಲ್‌ನಲ್ಲಿ ತೂಕ ನಡೆಯಿತು. ಸಂಜೆ ಎಲ್ಲ ಸಾಧನ ಚುಚ್ಚಿ, ಮೂಲ ಕಾನ್ಫಿಗ್‌ನಿಂದ ಹೊಸದಾಗಿ ಶುರು ಮಾಡಿದೆ. ಅರ್ಧ ಆಗುವಾಗ ಕರೆಂಟು ಹೋಯಿತು, ಯುಪಿಎಸ್ ಐದೇ ನಿಮಿಷ ತಡೆಯಿತು. ಕರೆಂಟು ಬಂದ ಮೇಲೆ ಮತ್ತೆ ಮೇಕ್ ಕೊಟ್ಟರೆ ಕೊನೆಯಲ್ಲಿ ಜೋಡಿಸುವಾಗ ಒಂದು ಫೈಲ್ ತುಂಡಾಗಿದೆ ಅನ್ನುತ್ತದೆ. ಮೊದಲಿನಿಂದ ಮಾಡಬೇಕಾ?

---

ದೇವಿಮನೆ_ಮಳೆ, 8:22

ಬೇಡ ಬೇಡ. ಕರೆಂಟು ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಫೈಲ್ ಸೊನ್ನೆ ಬೈಟ್ ಆಗಿ ಉಳಿದಿರುತ್ತದೆ, ಮೇಕ್ ಅದನ್ನು ಮುಗಿದದ್ದು ಅಂತ ತಿಳಿಯುತ್ತದೆ. ಸೊನ್ನೆ ಗಾತ್ರದ ಡಾಟ್ ಓ ಫೈಲ್‌ಗಳನ್ನು ಫೈಂಡ್‌ನಿಂದ ಹುಡುಕಿ ಅಳಿಸಿ, ಮತ್ತೆ ಮೇಕ್ ಕೊಡಿ. ಅಷ್ಟನ್ನೇ ಕಟ್ಟುತ್ತದೆ. ನಮ್ಮಲ್ಲಿ ಘಟ್ಟದ ಮೇಲೆ ಮರ ಬಿದ್ದಾಗಲೆಲ್ಲ ಇದೇ ಕೆಲಸ.

---

ವಖಾರಿ_ಲೆಕ್ಕ, 9:50

ಆಯ್ತು! ಪೆನ್ ಡ್ರೈವ್ ಬಂತು. ಆದರೆ ಒಳಗೆ 'ಏಪ್ರಿಲ್ ಪಟ್ಟಿ', 'ಹಮಾಲಿ ಲೆಕ್ಕ' ಅಂತ ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ. ಎದೆ ಧಸಕ್ಕೆಂದಿತು. ಹೆಸರು ಅಳಿಸಿ ಹೋಯಿತಾ? ಮೆನುವಿನಲ್ಲಿ ಫ್ಯಾಟ್ ಕೆಳಗೆ ಯುಟಿಎಫ್8 ಅಂತ ಒಂದಿತ್ತು, ಬೇಡ ಅಂತ ತೆಗೆದಿದ್ದೆ. ಮೇಲಿನ ಐಒಚಾರ್‌ಸೆಟ್ (ಹೆಸರು ತೋರಿಸುವ ಅಕ್ಷರಪಟ್ಟಿ) ಸಾಲಿಗೆ ಐಎಸ್‌ಒ8859-1 ಬರೆದಿದ್ದೆ.

---

ಸಿದ್ದಾಪುರ_ಭಾವ, 9:57

ಹೆದರಡ. ಐಒಚಾರ್‌ಸೆಟ್ ಯುಟಿಎಫ್8 ಅಂತ ಕೊಟ್ಟು ಮೌಂಟ್ ಮಾಡು, ಕನ್ನಡ ಬತ್ತು.

---

ಬೆಟ್ಟದ_ಹಾದಿ, 10:04

ಭಾವ ಹೇಳಿದ ದಾರಿಯಲ್ಲಿ ಕನ್ನಡ ಬರುತ್ತದೆ, ಆದರೆ ಫ್ಯಾಟ್‌ಗೆ ಹಾಗೆ ಕೊಟ್ಟರೆ ಕರ್ನೆಲ್ ಎಚ್ಚರಿಕೆ ಕೊಡುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರದ ಹೆಸರುಗಳು ಬೇರೆ ಬೇರೆ ಅಂತ ಆಗಿಬಿಡುತ್ತದೆ. ಐಒಚಾರ್‌ಸೆಟ್ ಇದ್ದ ಹಾಗೇ ಬಿಟ್ಟು 'ಯುಟಿಎಫ್8=1' ಅನ್ನುವ ಬೇರೆ ಆಯ್ಕೆ ಕೊಡಿ. ಖಾಯಂ ಬೇಕಿದ್ದರೆ ನೀವು ತೆಗೆದ ಅದೇ ಸಾಲಿಗೆ ವೈ ಹಾಕಿ.

ಹೆಸರು ಎಲ್ಲೂ ಹೋಗಿಲ್ಲ. ಪೆನ್ ಡ್ರೈವ್ ಮೇಲೆ ಉದ್ದ ಹೆಸರು ಯುನಿಕೋಡ್‌ನಲ್ಲೇ ಬರೆದಿರುತ್ತದೆ. ಐಎಸ್‌ಒ8859-1ರಲ್ಲಿ ಕನ್ನಡ ಅಕ್ಷರಕ್ಕೆ ಜಾಗವೇ ಇಲ್ಲ, ಅದಕ್ಕೆ ಕರ್ನೆಲ್ ಪ್ರಶ್ನೆ ಚಿಹ್ನೆ ತೋರಿಸುತ್ತದೆ. ಆ ಸ್ಥಿತಿಯಲ್ಲಿ ಮಾತ್ರ ಯಾವ ಫೈಲಿನ ಹೆಸರನ್ನೂ ಬದಲಿಸಬೇಡಿ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಕಡಿಮೆ. ಇಡುವುದನ್ನು ಬಿಡಬೇಡಿ.

---

ಕಾಳಿ_ಕಡಲು, 10:10

64 ಜಿಬಿ ಪೆನ್ ಡ್ರೈವ್ ತರುವವರು ಬಂದರೆ ಎಕ್ಸ್‌ಫ್ಯಾಟ್ ಕೂಡ ಹಾಕಿಡಿ. 2020ರ 5.7 ಕರ್ನೆಲ್‌ನಿಂದ ಅದು ಸರಿಯಾಗಿ ಒಳಗೇ ಇದೆ. ವಿಂಡೋಸ್ ಡಿಸ್ಕ್ ಓದುವ ಎನ್‌ಟಿಎಫ್‌ಎಸ್3 ಬಂದದ್ದು 5.15ಕ್ಕೆ. ನಿಮ್ಮದು 6.1, ಎರಡೂ ಸಿಗುತ್ತವೆ.

---

ವಖಾರಿ_ಲೆಕ್ಕ, 11:20

ಕನ್ನಡ ಹೆಸರು ವಾಪಸ್ ಬಂತು. ಟಿಟಿವೈಯುಎಸ್‌ಬಿ0 ಹುಟ್ಟಿದೆ. ಇನ್ನು ಒಂದೇ: ಎರಡನೇ ಕಾಟಾ ತರುವ ಮಾತಿದೆ, ಅದಕ್ಕೂ ಇದೇ ಕನ್ವರ್ಟರ್. ಯಾವುದು 0, ಯಾವುದು 1 ಅಂತ ಗೊತ್ತಾಗುವುದು ಹೇಗೆ? ತೂಕ ಅದಲು ಬದಲಾದರೆ ರೈತರಿಗೆ ಮೋಸ ಆಗುತ್ತದೆ.

---

ಅಘನಾಶಿನಿ, 11:28

ಟಿಟಿವೈಯುಎಸ್‌ಬಿ ಸಂಖ್ಯೆ ನಂಬಲೇಬೇಡಿ, ಯಾವುದು ಮೊದಲು ಎದ್ದಿತೋ ಅದಕ್ಕೆ 0. ಡೆವ್/ಸೀರಿಯಲ್ ಒಳಗೆ ಬೈ-ಐಡಿ, ಬೈ-ಪಾತ್ ಅಂತ ಎರಡು ಫೋಲ್ಡರ್ ಇರುತ್ತವೆ. ಸಿಎಚ್340ಗೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುವುದಿಲ್ಲ, ಎರಡಕ್ಕೂ ಒಂದೇ ಐಡಿ ಬರುತ್ತದೆ. ಬೈ-ಪಾತ್ ಬಳಸಿ, ಅದು ಯಾವ ಪೋರ್ಟ್ ಅಂತ ಹೇಳುತ್ತದೆ. ಪೋರ್ಟಿನ ಮೇಲೆ ಬಣ್ಣದ ಚೀಟಿ ಅಂಟಿಸಿ. ಗುಡುಗಿಗೆ ಕಿತ್ತು ಮತ್ತೆ ಚುಚ್ಚುವವರು ಅದೇ ಬಣ್ಣ ನೋಡಿ ಚುಚ್ಚಲಿ.

---

ಬನವಾಸಿ_ಹುಡುಗ, 11:34

ಉಬುಂಟು 22.04 ಬಳಸುವವರು ಇದನ್ನು ಓದುತ್ತಿದ್ದರೆ: ಅಲ್ಲಿ ಬಿಆರ್‌ಎಲ್‌ಟಿಟಿವೈ ಅನ್ನುವ ಬ್ರೈಲ್ ಪ್ರೋಗ್ರಾಂ 1ಎ86:7523 ಕಂಡ ಕೂಡಲೇ ತನ್ನದು ಅಂತ ಎತ್ತಿಕೊಂಡು ಹೋಗುತ್ತಿತ್ತು. ಕರ್ನೆಲ್ ಆಯ್ಕೆ ಸರಿ ಇದ್ದೂ ಟಿಟಿವೈಯುಎಸ್‌ಬಿ0 ಬಂದು ಮಾಯ. ನನಗೆ ಎರಡು ದಿನ ಹೋಯಿತು ಅದರಲ್ಲಿ.

---

ವಖಾರಿ_ಲೆಕ್ಕ, ಮಂಗಳವಾರ ಬೆಳಿಗ್ಗೆ 8:10

ಹೊಸ ಕರ್ನೆಲ್‌ನಲ್ಲಿ ಮೊದಲ ಚೀಲ ಈಗಷ್ಟೇ ತೂಗಿದೆವು. ಕಾಟಾದ ಕೆಂಪು ಅಂಕಿ 65.40, ಪರದೆಯ ಮೇಲೂ 65.40. ಹಮಾಲರು ಎರಡನೇ ಚೀಲ ಎತ್ತುತ್ತಿದ್ದಾರೆ. ಪೋರ್ಟಿಗೆ ಕೆಂಪು ಚೀಟಿ ಅಂಟಿಸಿದ್ದೇನೆ, ಹಳೇ ಕರ್ನೆಲ್ ಗ್ರಬ್‌ನಲ್ಲಿ ಹಾಗೇ ಇಟ್ಟಿದ್ದೇನೆ. ಪ್ರಿಂಟರ್ ಇನ್ನೂ ನೋಡಬೇಕು, ಸಂಜೆ ಬರೆಯುತ್ತೇನೆ.